ನೀರೋನ ಪಿಟೀಲನ್ನು ಅಚ್ಚಿಗೆ ಬಿಡುವ ಮುನ್ನ

ದಿನಪತ್ರಿಕೆಯೊಂದರ ಅಭಿಪ್ರಾಯ ಪುಟಕ್ಕೆ ಬರುವ ಲೇಖನಗಳನ್ನು ತಿದ್ದುವುದು ನನ್ನ ಕೆಲಸ. ಈ ಮೇಜಿನ ಮುಂದೆ ಕುಳಿತವರ ಪಾಲಿಗೆ ರೋಮ್ ಸಾಮ್ರಾಜ್ಯ ಇನ್ನೂ ಪತನವಾಗಿಲ್ಲ. ನೆರೆ ಬಂದಾಗ ಮಂತ್ರಿಗಳು ವಿದೇಶ ಪ್ರವಾಸದಲ್ಲಿದ್ದರೆ ನೀರೋ ಬರುತ್ತಾನೆ. ಹಗರಣದಲ್ಲಿ ಹೆಸರು ಕೇಳಿಬಂದವರು ಕುರ್ಚಿ ಬಿಡದಿದ್ದರೆ ಸೀಸರನ ಹೆಂಡತಿ ಬರುತ್ತಾಳೆ. ಬಜೆಟ್ ಹೊತ್ತಿಗೆ ಸಿಸೆರೊ, ಉಚಿತ ಯೋಜನೆಗಳ ಜಗಳಕ್ಕೆ ರೋಮಿನ ರೊಟ್ಟಿ. ಇವರನ್ನೆಲ್ಲ ಹೊರಗಟ್ಟಬೇಕೆಂಬ ಹಟ ನನಗಿಲ್ಲ, ಒಳ್ಳೆಯ ದೃಷ್ಟಾಂತ ಲೇಖನಕ್ಕೆ ಕಳೆ ಕೊಡುತ್ತದೆ. ಆದರೆ ಒಳಗೆ ಬಿಡುವ ಮುನ್ನ ಒಂದಿಷ್ಟು ವಿಚಾರಿಸಿಕೊಳ್ಳಬೇಕು. ಅದಕ್ಕೆ ಲ್ಯಾಟಿನ್ ಬೇಕಿಲ್ಲ, ಒಂದು ಮೊಬೈಲ್ ಮತ್ತು ಸ್ವಲ್ಪ ಅನುಮಾನದ ಬುದ್ಧಿ ಇದ್ದರೆ ಸಾಕು.

ಮೊದಲ ಪ್ರಶ್ನೆ: ಈ ಸಂಗತಿ ಯಾರ ಯಾವ ಕೃತಿಯಲ್ಲಿದೆ, ಎಷ್ಟನೆಯ ಅಧ್ಯಾಯದಲ್ಲಿದೆ? ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳಲ್ಲಿ ಒಂದು ದೊಡ್ಡ ಅನುಕೂಲವಿದೆ. ಯಾವ ಮುದ್ರಣ ತೆಗೆದರೂ, ಯಾರ ಅನುವಾದ ತೆಗೆದರೂ ಭಾಗ ಮತ್ತು ಅಧ್ಯಾಯದ ಸಂಖ್ಯೆಗಳು ಸಾಮಾನ್ಯವಾಗಿ ಒಂದೇ. ರೋಮಿನ ಇತಿಹಾಸಕಾರ ಟ್ಯಾಸಿಟಸನ ‘ಆನಲ್ಸ್’ 15.38 (15ನೆಯ ಭಾಗ, 38ನೆಯ ಅಧ್ಯಾಯ) ಎಂದರೆ ಲಂಡನ್ನಿನಲ್ಲೂ ಧಾರವಾಡದಲ್ಲೂ ಅದೇ ಭಾಗ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ, ಲಾಕಸ್‌ಕರ್ಟಿಯಸ್ ಎಂಬ ಜಾಲತಾಣದಲ್ಲಿ ಇಂಗ್ಲಿಷ್ ಅನುವಾದಗಳು ಉಚಿತವಾಗಿ ಸಿಗುತ್ತವೆ. ಲೇಖಕರಿಗೆ ಫೋನ್ ಮಾಡಿ ‘ಎಲ್ಲಿದೆ ಸಾರ್ ಇದು?’ ಎಂದು ಕೇಳಿ. ‘ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ’ ಎಂಬ ಉತ್ತರ ಬಂದರೆ ಹುಡುಕುವ ಕೆಲಸ ನಿಮ್ಮದೇ ಎಂದು ತಿಳಿಯಿರಿ.

ನೀರೋನಿಂದಲೇ ಶುರು ಮಾಡೋಣ. ‘ರೋಮ್ ಹತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದ’ ಎಂಬ ಸಾಲು ಕನ್ನಡದ ಗಾದೆಯೇ ಆಗಿಹೋಗಿದೆ. ಬೆಂಕಿ ಬಿದ್ದದ್ದು ಕ್ರಿ.ಶ. 64ರ ಜುಲೈನಲ್ಲಿ. ಪಿಟೀಲು ರೂಪುಗೊಂಡದ್ದು 16ನೆಯ ಶತಮಾನದ ಇಟಲಿಯಲ್ಲಿ. ಅಲ್ಲಿಗೆ ವಾದ್ಯ ಕೈಬಿಟ್ಟಿತು. ಉಳಿದದ್ದು ಹಾಡಿನ ಆರೋಪ, ಅದನ್ನು ಮೂವರು ಮೂರು ರೀತಿ ಹೇಳುತ್ತಾರೆ. ಬೆಂಕಿ ಬಿದ್ದಾಗ ಟ್ಯಾಸಿಟಸ್ ಎಳೆಯ ಹುಡುಗ, ಬರೆದದ್ದು ಅರ್ಧ ಶತಮಾನ ಕಳೆದ ಮೇಲೆ. ಅವನ ಪ್ರಕಾರ ನೀರೋ ಆಗ ರೋಮಿನಲ್ಲೇ ಇರಲಿಲ್ಲ, ಕಡಲತೀರದ ಆಂಟಿಯಂನಲ್ಲಿದ್ದ. ಬೆಂಕಿ ತನ್ನ ಅರಮನೆಯ ಸಮೀಪ ಬಂದಾಗ ಮರಳಿದ. ಮನೆ ಕಳೆದುಕೊಂಡವರಿಗೆ ತನ್ನ ಉದ್ಯಾನಗಳನ್ನು ತೆರೆದ, ತಾತ್ಕಾಲಿಕ ಸೂರು ಹಾಕಿಸಿದ, ಧಾನ್ಯದ ಬೆಲೆ ಇಳಿಸಿದ. ಇಷ್ಟೆಲ್ಲ ಮಾಡಿಯೂ ಹೆಸರು ಬರಲಿಲ್ಲ, ಏಕೆಂದರೆ ಊರು ಉರಿಯುತ್ತಿದ್ದಾಗ ಅವನು ಮನೆಯೊಳಗಿನ ರಂಗಸ್ಥಳದಲ್ಲಿ ಟ್ರಾಯ್ ನಗರದ ನಾಶವನ್ನು ಹಾಡಿದನೆಂಬ ವದಂತಿ ಹಬ್ಬಿತ್ತು ಎನ್ನುತ್ತಾನೆ ಟ್ಯಾಸಿಟಸ್. ಅವನ ಮಾತಿನಲ್ಲೇ ಅದು ವದಂತಿ.

ಬೆಂಕಿಯ ನಂತರ ಹುಟ್ಟಿದ, ಚಕ್ರವರ್ತಿಗಳ ಚರಿತ್ರೆ ಬರೆದ ಸ್ಯುಟೋನಿಯಸನಲ್ಲಿ ವದಂತಿ ಮಾಯವಾಗಿ ಸುದ್ದಿಯೇ ಆಗುತ್ತದೆ: ನೀರೋ ವೇಷ ಕಟ್ಟಿಕೊಂಡು, ಮೈಸೀನಾಸನ ಗೋಪುರದ ಮೇಲೆ ನಿಂತು ಹಾಡಿದ, ಬೆಂಕಿ ಹಚ್ಚಿಸಿದ್ದೂ ಅವನೇ. ಇನ್ನೂ ನೂರು ವರ್ಷ ಕಳೆದು ಬರೆದ ಇತಿಹಾಸಕಾರ ಕ್ಯಾಸಿಯಸ್ ಡಿಯೋನಲ್ಲಿ ನೀರೋ ಅರಮನೆಯ ಛಾವಣಿ ಏರಿದ್ದಾನೆ. ಕಾಲ ದೂರವಾದಷ್ಟೂ ನಿಂತ ಜಾಗ ಎತ್ತರವಾಗುತ್ತದೆ, ಅನುಮಾನ ಕಡಿಮೆಯಾಗುತ್ತದೆ. ಸುದ್ದಿಮನೆಯಲ್ಲಿ ಇದ್ದವರಿಗೆ ಈ ಏಣಿ ಪರಿಚಿತವೇ. ಹಾಗೆಂದು ನೀರೋನನ್ನು ಸಾಧುವಾಗಿಸಲು ಹೊರಡಬೇಡಿ. ಬೆಂಕಿಯ ಅಪವಾದವನ್ನು ಅವನು ಕ್ರೈಸ್ತರ ತಲೆಗೆ ಕಟ್ಟಿ ಕ್ರೂರವಾಗಿ ಕೊಲ್ಲಿಸಿದನೆಂದೂ ಅದೇ ಟ್ಯಾಸಿಟಸ್ 15.44ರಲ್ಲಿ ಬರೆದಿದ್ದಾನೆ. ಸುಟ್ಟ ಜಾಗದಲ್ಲಿ ಚಿನ್ನದ ಅರಮನೆ ಎದ್ದದ್ದೂ ನಿಜ.

ಹಾಗಾದರೆ ಲೇಖನದಲ್ಲಿ ಏನು ಮಾಡುವುದು? ಗಾದೆಯಂತೆ ಒಂದು ಸಾಲಿನಲ್ಲಿ ಬಂದಿದ್ದರೆ ನಾನು ಮುಟ್ಟುವುದಿಲ್ಲ. ‘ಇತಿಹಾಸವೇ ಸಾಕ್ಷಿ’ ಎಂಬ ಮಾತಿನೊಂದಿಗೆ ಬಂದರೆ ಕತ್ತರಿ ಹಾಕುತ್ತೇನೆ. ಸಂಕಟದ ಹೊತ್ತಿನಲ್ಲಿ ಪರಿಹಾರ ಕೊಟ್ಟರೂ ಜನ ನಂಬದ ಆಡಳಿತಗಾರನ ಬಗ್ಗೆ ಬರೆಯುವವರಿಗೆ ಪಿಟೀಲಿಗಿಂತ ಟ್ಯಾಸಿಟಸನ ಮೂಲ ಕಥೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಉದ್ಧರಣೆಗಳ ಪರೀಕ್ಷೆ, ಇದು ಸುಲಭ. ‘ಬಜೆಟ್ ಸರಿದೂಗಬೇಕು, ಖಜಾನೆ ತುಂಬಬೇಕು, ಸಾಲ ತಗ್ಗಬೇಕು, ಪರದೇಶಗಳಿಗೆ ಕೊಡುವ ನೆರವು ನಿಲ್ಲಬೇಕು’ ಎಂದು ರೋಮಿನ ವಾಗ್ಮಿ ಸಿಸೆರೊ ಹೇಳಿದನೆಂಬ ಸಂದೇಶ ಬಜೆಟ್ ಹೊತ್ತಿಗೆ ಹರಿದಾಡುತ್ತದೆ. ಸಿಸೆರೊನ ಯಾವ ಕೃತಿಯಲ್ಲೂ ಅದಿಲ್ಲ. ಅಮೆರಿಕದ ಟೇಲರ್ ಕಾಲ್ಡ್‌ವೆಲ್ ಅವನ ಬಗ್ಗೆ 1965ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಬಂದ ಮಾತದು. ‘ನಾವು ಪದೇ ಪದೇ ಮಾಡುವುದೇ ನಾವು’ ಎಂಬ ಅರಿಸ್ಟಾಟಲ್ ವಾಕ್ಯ ವಿಲ್ ಡ್ಯುರಾಂಟ್ 1926ರಲ್ಲಿ ಅರಿಸ್ಟಾಟಲನ ವಿಚಾರವನ್ನು ವಿವರಿಸುತ್ತ ಬರೆದದ್ದು. ‘ಯುದ್ಧದ ಕೊನೆಯನ್ನು ಕಂಡವರು ಸತ್ತವರು ಮಾತ್ರ’ ಎಂಬುದು ಪ್ಲೇಟೋನದಲ್ಲ, ಜಾರ್ಜ್ ಸಂತಾಯನರದು. ಪ್ರಾಚೀನನ ಮಾತು ಈ ವಾರದ ನಿಮ್ಮ ವಾದಕ್ಕೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂತರೆ ದರ್ಜಿ ಯಾರೆಂದು ಹುಡುಕಿ. ಅಧ್ಯಾಯದ ಸಂಖ್ಯೆ ಸಿಗದಿದ್ದರೆ ಹೆಸರು ತೆಗೆದು ಮಾತನ್ನಷ್ಟೇ ಉಳಿಸಿಕೊಳ್ಳಿ. ಮಾತು ಚೆನ್ನಾಗಿದ್ದರೆ ಸಿಸೆರೊನ ಶಿಫಾರಸು ಏಕೆ ಬೇಕು?

ಮೂರನೆಯ ಪರೀಕ್ಷೆ ಸ್ವಲ್ಪ ಕಷ್ಟದ್ದು. ಸಂಗತಿ ನಿಜವಿರುತ್ತದೆ, ಅದರಿಂದ ಎಳೆದ ತೀರ್ಮಾನ ನಿಲ್ಲುವುದಿಲ್ಲ. 2023ರಲ್ಲಿ ರಾಜ್ಯದಲ್ಲಿ ಗ್ಯಾರಂಟಿ ಯೋಜನೆಗಳು ಬಂದ ಮೇಲೆ ನನ್ನ ಮೇಜಿಗೆ ಮತ್ತೆ ಮತ್ತೆ ಬಂದ ವಾದ ಇದು: ರೋಮ್ ಪ್ರಜೆಗಳಿಗೆ ಬಿಟ್ಟಿ ರೊಟ್ಟಿ ಕೊಟ್ಟು, ಆಟ ತೋರಿಸಿ ಹಾಳಾಯಿತು. ರೊಟ್ಟಿ ಮತ್ತು ಆಟದ ಮಾತು ರೋಮಿನ ಕವಿ ಜುವೆನಾಲನ ಹತ್ತನೆಯ ವಿಡಂಬನ ಕಾವ್ಯದಲ್ಲಿ ನಿಜಕ್ಕೂ ಇದೆ. ಆದರೆ ಅವನು ವಿಡಂಬನಕಾರ, ಹಣಕಾಸು ಇಲಾಖೆಯ ಕಾರ್ಯದರ್ಶಿಯಲ್ಲ. ಇನ್ನು ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ರೋಮಿನ ರಾಜಕಾರಣಿ ಗೇಯಸ್ ಗ್ರಾಕಸ್ ಅಗ್ಗದ ಧಾನ್ಯದ ಕಾನೂನು ತಂದದ್ದು ಕ್ರಿ.ಪೂ. 123. ಇನ್ನೊಬ್ಬ ರಾಜಕಾರಣಿ ಕ್ಲೋಡಿಯಸ್ ಅದನ್ನು ಪೂರ್ತಿ ಉಚಿತ ಮಾಡಿದ್ದು ಕ್ರಿ.ಪೂ. 58. ಜೂಲಿಯಸ್ ಸೀಸರ್ ಫಲಾನುಭವಿಗಳ ಪಟ್ಟಿಯನ್ನು 3,20,000ದಿಂದ 1,50,000ಕ್ಕೆ ಇಳಿಸಿದ. ಅಂದರೆ ಅನರ್ಹರ ಪಡಿತರ ಚೀಟಿ ರದ್ದು ಮಾಡುವ ಅಭಿಯಾನ ಆಗಲೂ ಇತ್ತು. ಪಶ್ಚಿಮದ ಸಾಮ್ರಾಜ್ಯ ಕೊನೆಗೊಂಡಿತೆಂದು ರೂಢಿಯಲ್ಲಿ ಹೇಳುವುದು ಕ್ರಿ.ಶ. 476. ಗ್ರಾಕಸನಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 600 ವರ್ಷ. ಆರು ಶತಮಾನ ತೆಗೆದುಕೊಳ್ಳುವ ವಿಷವನ್ನು ವಿಷವೆನ್ನುವುದು ಹೇಗೆ? ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲೂ ಧಾನ್ಯ ಹಂಚುತ್ತಿದ್ದರು, ಆ ಸಾಮ್ರಾಜ್ಯ 1453ರವರೆಗೆ ಉಳಿಯಿತು.

ರೋಮಿನ ಪತನಕ್ಕೆ ವಿದ್ವಾಂಸರು ಕೊಟ್ಟ ಕಾರಣಗಳನ್ನು ಜರ್ಮನಿಯ ಅಲೆಕ್ಸಾಂಡರ್ ಡೆಮಾಂಡ್ಟ್ 1984ರಲ್ಲಿ ಒಟ್ಟುಗೂಡಿಸಿದರು. 210 ಸಿಕ್ಕವು. ಆಯಾ ಕಾಲದವರು ತಮ್ಮ ತಮ್ಮ ಭಯವನ್ನೇ ರೋಮಿನ ರೋಗವೆಂದು ಗುರುತಿಸಿದಂತೆ ಕಾಣುತ್ತದೆ. ಉಚಿತ ಯೋಜನೆ ಬೇಡವೆನ್ನುವವರು ರಾಜ್ಯದ ಆಯವ್ಯಯದ ಅಂಕಿಗಳನ್ನೇ ಇಟ್ಟು ವಾದಿಸಲಿ, ಓದುಗರಿಗೂ ಅದೇ ಅನುಕೂಲ.

ಸೀಸರನ ಹೆಂಡತಿಯ ವಿಷಯ ಬೇಗ ಮುಗಿಯುತ್ತದೆ. ಕ್ರಿ.ಪೂ. 62ರಲ್ಲಿ ಸೀಸರನ ಮನೆಯಲ್ಲಿ ಹೆಂಗಸರೇ ಆಚರಿಸುವ ಪೂಜೆಗೆ ಗಂಡಸೊಬ್ಬ ಸ್ತ್ರೀವೇಷದಲ್ಲಿ ನುಗ್ಗಿ ಸಿಕ್ಕಿಬಿದ್ದ. ಮೇಲೆ ಹೇಳಿದ ಉಚಿತ ಧಾನ್ಯದ ಕ್ಲೋಡಿಯಸನೇ ಅವನು! ಸೀಸರ್ ಹೆಂಡತಿ ಪಾಂಪಿಯಾಳನ್ನು ಬಿಟ್ಟ, ಆದರೆ ವಿಚಾರಣೆಯಲ್ಲಿ ಕ್ಲೋಡಿಯಸನ ವಿರುದ್ಧ ತನಗೇನೂ ಗೊತ್ತಿಲ್ಲವೆಂದ. ಹಾಗಿದ್ದರೆ ಹೆಂಡತಿಯನ್ನೇಕೆ ಬಿಟ್ಟೆ ಎಂದು ಕೇಳಿದಾಗ ಬಂದದ್ದು ಆ ಪ್ರಸಿದ್ಧ ಉತ್ತರ: ನನ್ನ ಹೆಂಡತಿಯ ಮೇಲೆ ಸಂಶಯದ ನೆರಳೂ ಬೀಳಬಾರದು. ಪ್ರಭಾವಿ ವ್ಯಕ್ತಿ ಖುಲಾಸೆಯಾದ, ತಪ್ಪು ಸಾಬೀತಾಗದ ಹೆಂಗಸು ಮನೆ ಕಳೆದುಕೊಂಡಳು. ಇದನ್ನು ನಿಷ್ಕಳಂಕ ಸಾರ್ವಜನಿಕ ಜೀವನದ ಆದರ್ಶವಾಗಿ ಬಳಸುವ ಮುನ್ನ ಪ್ಲೂಟಾರ್ಕ್ ಬರೆದ ಸೀಸರನ ಚರಿತ್ರೆಯ 9 ಮತ್ತು 10ನೆಯ ಅಧ್ಯಾಯಗಳನ್ನು ಓದಿ.

ಚಿತ್ರಗಳಿಗೂ ಇದೇ ವಿಚಾರಣೆ ನಡೆಯಲಿ. ಕೈಯನ್ನು ನೇರ ಮುಂದೆ ಚಾಚುವ ‘ರೋಮನ್ ವಂದನೆ’ಯನ್ನು ರೋಮನ್ನರ ರೂಢಿಯೆಂದು ವಿವರಿಸುವ ಪ್ರಾಚೀನ ಗ್ರಂಥ ಯಾವುದೂ ಇಲ್ಲ. ಆ ಭಂಗಿಗೆ ಜನಪ್ರಿಯತೆ ತಂದದ್ದು ಫ್ರಾನ್ಸಿನ ಜಾಕ್ ಲೂಯಿ ಡೇವಿಡ್ 1784ರಲ್ಲಿ ಮುಗಿಸಿದ ವರ್ಣಚಿತ್ರ. ನಂತರ ಅದು ನಾಟಕ, ಸಿನಿಮಾಗಳ ಮೂಲಕ ಮುಸೊಲಿನಿಯ ಕೈಗೆ ಬಂತು. ಬಿಳಿ ಅಮೃತಶಿಲೆಯ ವಿಗ್ರಹಗಳನ್ನು ತೋರಿಸಿ ‘ಗ್ರೀಕರ ಶುಭ್ರ ಸೌಂದರ್ಯಪ್ರಜ್ಞೆ’ ಎಂದು ಅಡಿಬರಹ ಬರೆಯುವುದೂ ಬೇಡ. ಅವು ಕೆಂಪು, ನೀಲಿ, ಹಳದಿ ಬಣ್ಣ ಹೊತ್ತಿದ್ದವು, ಮಳೆಬಿಸಿಲಿಗೆ ಅಳಿದವು.

ಕೊನೆಗೆ ನಮ್ಮದೇ ಹೆಮ್ಮೆಯ ಸರದಿ. ನವೆಂಬರ್ ಬಂದರೆ ‘2000 ವರ್ಷ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡ’ ಎಂಬ ಬರಹ ಬಂದೇ ಬರುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. 2ನೆಯ ಶತಮಾನದ ಆ ಹಾಳೆ ಇರುವುದು ನಿಜ. ಅದರ ಸಂಖ್ಯೆ 413, ಪ್ರಕಟವಾದದ್ದು 1903. ಕ್ಯಾರಿಟಿಯಾನ್ ಎಂಬ ಗ್ರೀಕ್ ಹೆಣ್ಣುಮಗಳು ಹಿಂದೂ ಮಹಾಸಾಗರದ ದಡದಲ್ಲಿ ಸೆರೆಯಾಗಿದ್ದಾಳೆ, ಅಲ್ಲಿನ ರಾಜ ಮತ್ತು ಪರಿವಾರ ಗ್ರೀಕಲ್ಲದ ಮಾತು ಆಡುತ್ತಾರೆ. ಅದು ಕನ್ನಡವಿರಬಹುದೆಂದು 1904ರಲ್ಲಿ ವಿದ್ವಾಂಸ ಹುಲ್ಶ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು, 1926ರಲ್ಲಿ ಇನ್ನೊಬ್ಬ ವಿದ್ವಾಂಸ ಬಾರ್ನೆಟ್ ಒಪ್ಪಲಿಲ್ಲ. ತುಳು ಎಂದವರೂ ಇದ್ದಾರೆ, ಬರೀ ತಮಾಷೆಯ ಶಬ್ದವೆಂದವರೂ ಇದ್ದಾರೆ. ಹೀಗಾಗಿ ‘ಕೆಲವು ವಿದ್ವಾಂಸರು ಕನ್ನಡವೆಂದು ಓದಿದ್ದಾರೆ’ ಎಂದಷ್ಟೇ ಅಚ್ಚು ಹಾಕಿ. ತಕರಾರಿಲ್ಲದ ಸಾಕ್ಷಿ ಬೇಕಿದ್ದರೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ, ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳಿವೆ.

ನಾಟಕದ ಬಗ್ಗೆಯೇ ಬರೆಯುವಿರಾದರೆ ವಿದೂಷಕನನ್ನು ಮಾತ್ರ ಬಿಡಬೇಡಿ. ಶತ್ರುಗಳ ಮೇಲೆ ಅವನು ಪ್ರಯೋಗಿಸುವ ಅಸ್ತ್ರ ಹೂಸು. ರಾಜ್ಯೋತ್ಸವದ ಲೇಖನಗಳಲ್ಲಿ ಈ ಅಂಶ ಹೇಗೋ ಪ್ರತಿ ವರ್ಷ ತಪ್ಪಿಹೋಗುತ್ತದೆ.