ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳ ಟೈಮ್‌ಟೇಬಲ್

ಶಿರಾ, ಗುಬ್ಬಿ, ಕೊರಟಗೆರೆ ಕಡೆಯಿಂದ ತುಮಕೂರಿನ ಕಾಲೇಜಿಗೆ ದಿನಾ ಓಡಾಡುವವರು ಮೊದಲು ಒಂದು ವಾರ ಮನೆ ಬಿಟ್ಟ ಹೊತ್ತು, ಬಸ್ ಹತ್ತಿದ ಹೊತ್ತು, ಕಾಲೇಜು ಮುಟ್ಟಿದ ಹೊತ್ತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಎಷ್ಟೋ ಜನ ಪ್ರಯಾಣವನ್ನಷ್ಟೇ ಲೆಕ್ಕ ಹಾಕಿ, ಸ್ಟ್ಯಾಂಡಿನಲ್ಲಿ ಕಾಯುವುದನ್ನು ಬಿಟ್ಟುಬಿಡುತ್ತಾರೆ. ಟೈಮ್‌ಟೇಬಲ್ ಕೆಡುವುದು ಅಲ್ಲೇ.

ಬಸ್ಸಿನಲ್ಲಿ ಹೊಸ ಪಾಠ ಬೇಡ, ನಿಂತು ಬರುವಾಗ ತಲೆಗೆ ಹತ್ತುವುದಿಲ್ಲ. ಹಿಂದಿನ ದಿನದ ಪಾಠದ ಐದಾರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪುಸ್ತಕ ತೆಗೆಯದೆ ಉತ್ತರ ನೆನಪಿಸಿಕೊಳ್ಳಿ. ತಡವರಿಸಿದ ಪ್ರಶ್ನೆಗೆ ಗುರುತು ಹಾಕಿ. ರಾತ್ರಿ ಓದು ಅಲ್ಲಿಂದಲೇ ಶುರುವಾಗಲಿ.

ರಾತ್ರಿ 25 ನಿಮಿಷ ಓದು, 5 ನಿಮಿಷ ಬಿಡುವು: ಇಂಥ ಮೂರು ಸುತ್ತು ಸಾಕು. ಅಕೌಂಟ್ಸ್, ಗಣಿತಕ್ಕೆ ಮಾತ್ರ 50 ನಿಮಿಷ ಇಡಿ, ಲೆಕ್ಕ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ. ಮೊಬೈಲು ಸೈಲೆಂಟ್ ಆದರೆ ಸಾಲದು, ಬೇರೆ ಕೋಣೆಯಲ್ಲಿರಲಿ.

ರೆಕಾರ್ಡ್, ಅಸೈನ್‌ಮೆಂಟ್ ಭಾನುವಾರ ಬೆಳಿಗ್ಗೆ. ಕೊನೆ ದಿನಾಂಕಕ್ಕಿಂತ ಎರಡು ದಿನ ಮುಂಚಿನ ತಾರೀಖನ್ನೇ ಬರೆದುಕೊಳ್ಳಿ; ಜೆರಾಕ್ಸ್‌ಗೆ, ಲೆಕ್ಚರರ್ ಸಹಿಗೆ ಒಂದು ದಿನ ಹೋಗೇ ಹೋಗುತ್ತದೆ.

ರಾಗಿ ಕೊಯ್ಲಿನ ವಾರ ಹೊಲದ ಕೆಲಸವಿದ್ದರೆ ಓದನ್ನು ಒಂದೇ ಸುತ್ತಿಗೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.