ಕೀ ವೇಗ ಹೆಚ್ಚಿಸಲು ಹೋದಾಗ ತೆರೆದುಕೊಂಡ ಕಿಂಡಿ

ಕ್ವಾಂಟಮ್ ಕೀ ಹಂಚಿಕೆಯ ಒಂದು ಸೆಟಪ್ ಮೇಲೆ ನಾನು ಎರಡು ವರ್ಷ ಕೆಲಸ ಮಾಡಿದೆ. ಅಂದರೆ ಸಂದೇಶಕ್ಕೆ ಬೀಗ ಹಾಕುವ ಗುಪ್ತ ಕೀಯನ್ನು, ಸೊನ್ನೆ ಒಂದುಗಳ ಬಿಟ್‌ಗಳಾಗಿ, ತೀರಾ ಮಂದ ಬೆಳಕಿನ ಪಲ್ಸ್‌ಗಳಲ್ಲಿ ಕಳಿಸುವುದು. ನಡುವೆ ಯಾರಾದರೂ ಅಳೆದು ಕದ್ದರೆ ಬಿಟ್‌ಗಳಲ್ಲಿ ದೋಷ ಏರಿ ಗೊತ್ತಾಗುತ್ತದೆ. ಲ್ಯಾಬಿನಲ್ಲಿ 100 ಕಿಲೋಮೀಟರ್ ಫೈಬರ್ ಸುರುಳಿ. ಈ ತುದಿಗೆ ಕಳಿಸುವ ಆಲಿಸ್, ಆ ತುದಿಗೆ ಪಡೆಯುವ ಬಾಬ್. ಪ್ರೋಟೋಕಾಲ್ ಬಿಬಿ84, ಅಂದರೆ 1984ರಲ್ಲಿ ಬೆನೆಟ್ ಮತ್ತು ಬ್ರಸಾರ್ ಕೊಟ್ಟದ್ದು. ಅದರ ಜೊತೆಗೆ ಡಿಕಾಯ್ ಸ್ಟೇಟ್, ಅಂದರೆ ಕಳ್ಳರನ್ನು ಪತ್ತೆ ಹಚ್ಚಲು ನಡುನಡುವೆ ಬೇರೆ ತೀವ್ರತೆಯ ಪಲ್ಸ್ ಕಳಿಸುವುದು. ಸೆಕೆಂಡಿಗೆ ಸಿಗುವ ಕೀ ಬಿಟ್‌ಗಳನ್ನು ಜಾಸ್ತಿ ಮಾಡುವುದು ನನ್ನ ಕೆಲಸ.

1550 ನ್ಯಾನೋಮೀಟರ್‌ನಲ್ಲಿ ಒಳ್ಳೆಯ ಫೈಬರ್ ಕೂಡ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್ ನುಂಗುತ್ತದೆ. 100 ಕಿಲೋಮೀಟರಿಗೆ ಅದು 20 ಡೆಸಿಬಲ್. ನೂರು ಫೋಟಾನ್ ಹೊರಟರೆ ಒಂದು ತಲುಪುತ್ತದೆ. ನಡುವೆ ಆಂಪ್ಲಿಫೈಯರ್ ಇಡೋಣ ಅಂದರೆ ಆಗುವುದಿಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದು ಅನ್ನುವುದೇ ನಮ್ಮ ಭದ್ರತೆಯ ಬುಡ ಅಲ್ವಾ? ಹಾಗಾಗಿ ತಲುಪಿದ್ದನ್ನು ಪೋಲು ಮಾಡದಿರುವುದೊಂದೇ ದಾರಿ.

ಮೊದಲು ಬೇಸಿಸ್ ಆಯ್ಕೆ ಬದಲಿಸಿದೆ. ಬೇಸಿಸ್ ಅಂದರೆ ಫೋಟಾನಿನಲ್ಲಿ ಬಿಟ್ ತುಂಬುವ, ಓದುವ ರೀತಿ. ಆಲಿಸ್ ಮತ್ತು ಬಾಬ್ ಒಂದೇ ಬೇಸಿಸ್ ಆರಿಸಿದಾಗ ಮಾತ್ರ ಆ ಬಿಟ್ ಉಳಿಯುತ್ತದೆ. ಇಬ್ಬರೂ ಎರಡು ಬೇಸಿಸ್‌ಗಳನ್ನು ಸಮ ಸಮವಾಗಿ ಆರಿಸಿದರೆ ಅರ್ಧ ಬಿಟ್‌ಗಳು ಸುಮ್ನೆ ಕಸದ ಬುಟ್ಟಿಗೆ ಹೋಗುತ್ತವೆ. ಒಂದನ್ನು 90%, ಇನ್ನೊಂದನ್ನು 10% ಬಳಸಿದೆ. ಈಗ 82% ಹೊಂದುತ್ತವೆ. ಆದರೆ ಎರಡೂ ಬೇಸಿಸ್‌ಗಳ ದೋಷವನ್ನು, ಅಂದರೆ ಇಬ್ಬರ ಬಿಟ್‌ಗಳು ಎಷ್ಟರಮಟ್ಟಿಗೆ ತಾಳೆಯಾಗಲಿಲ್ಲ ಅನ್ನುವುದನ್ನು, ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು. ಒಟ್ಟಿಗೆ ಸೇರಿಸಿದರೆ ಕದ್ದು ಕೇಳುವ ಈವ್ ಹೆಚ್ಚು ಬಳಕೆಯ ಬೇಸಿಸ್ ಒಂದರಲ್ಲೇ ಅಳೆದು, ಕಡಿಮೆ ದೋಷದಲ್ಲಿ ತಪ್ಪಿಸಿಕೊಳ್ಳುತ್ತಾಳೆ. ಅಪರೂಪದ ಬೇಸಿಸ್‌ನಲ್ಲಿ ಇಬ್ಬರೂ ಹೊಂದುವುದು ನೂರರಲ್ಲಿ ಒಂದೇ ಸಲ. ಹಾಗಾಗಿ ಅದರ ದೋಷವನ್ನು ನಂಬಿಕೆಯಿಂದ ಹೇಳಲು ಒಟ್ಟಿಗೆ ಲೆಕ್ಕ ಹಾಕುವ ಬಿಟ್‌ಗಳ ಗುಂಪು, ಅಂದರೆ ಬ್ಲಾಕ್, ದೊಡ್ಡದಿರಬೇಕು. ಮೊದಲು ನಾವು ಆತುರಕ್ಕೆ ಸಣ್ಣ ಬ್ಲಾಕ್‌ಗಳನ್ನು ಮುಚ್ಚುತ್ತಿದ್ದೆವು. ಕಾಯ್ದು ದೊಡ್ಡದು ಮಾಡಿದ ಮೇಲೆ ಅದೇ ಬೆಳಕಿನಿಂದ ಜಾಸ್ತಿ ಕೀ ಬಂತು.

ಕಂಪ್ಯೂಟರಿನ ಕಡೆಯ ಕೆಲಸ ಬೇಗ ಮುಗಿಯಿತು. ಈವ್‌ಗೆ ಗೊತ್ತಿರಬಹುದಾದದ್ದು ಉಳಿಯದಂತೆ ಕೀಯನ್ನು ಕುಗ್ಗಿಸುವ ಹಂತ ಪ್ರೈವಸಿ ಆಂಪ್ಲಿಫಿಕೇಶನ್. ಅದರ ದೊಡ್ಡ ಟೋಪ್ಲಿಟ್ಜ್ ಮ್ಯಾಟ್ರಿಕ್ಸ್ ಗುಣಾಕಾರವನ್ನು ಎಫ್‌ಎಫ್‌ಟಿ ಎಂಬ ವೇಗದ ಲೆಕ್ಕದ ಮೂಲಕ ಮಾಡಿದೆ, ಅಲ್ಲಿ ಕಾಯುತ್ತಿದ್ದ ಬಿಟ್‌ಗಳ ಸಾಲು ಕರಗಿತು.

ಇನ್ನು ಉಳಿದದ್ದು ದೋಷ, ಸುಮಾರು 5%. ಬಿಬಿ84ರ ಸರಳ ಲೆಕ್ಕದಲ್ಲಿ ದೋಷ 11% ಮುಟ್ಟಿದರೆ ಕೀ ಸೊನ್ನೆ. 5% ಇದ್ದರೆ ನೂರು ಬಿಟ್‌ಗೆ 43 ಉಳಿಯುತ್ತವೆ, 2.5% ಇದ್ದರೆ 66. ನಮ್ಮಲ್ಲಿ ದೋಷದ ದೊಡ್ಡ ಪಾಲು ಡಾರ್ಕ್ ಕೌಂಟ್, ಅಂದರೆ ಫೋಟಾನ್ ಬರದಿದ್ದರೂ ಡಿಟೆಕ್ಟರ್ ಕ್ಲಿಕ್ ಆಗುವುದು. ಡಿಟೆಕ್ಟರ್ ಎಚ್ಚರವಿರುವ ಗೇಟ್ ಸಮಯವನ್ನು 2.5 ನ್ಯಾನೋಸೆಕೆಂಡ್‌ನಿಂದ 1ಕ್ಕೆ ಇಳಿಸಿದೆ. ದೋಷ ಅರ್ಧಕ್ಕೆ ಬಂತು, ಕೀ ಏರಿತು. ಆ ವಾರ ತುಂಬಾ ಖುಷಿಯಲ್ಲಿದ್ದೆ.

ಒಂದು ಬೆಳಿಗ್ಗೆ ಲಾಗ್ ನೋಡುವಾಗ ಇನ್ನೂ ಕುಗ್ಗಿಸದ ಕಚ್ಚಾ ಕೀಯಲ್ಲಿ ಸೊನ್ನೆಗಳು 54%, ಒಂದುಗಳು 46% ಇದ್ದವು. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಸಮವಾಯಿತು. ಮರುದಿನವೂ ಅದೇ ಕಥೆ. ದೋಷದ ಅಂಕಿ ಮಾತ್ರ ಸ್ವಲ್ಪವೂ ಕದಲಿರಲಿಲ್ಲ. ನನಗೆ ಹೆದರಿಕೆ ಆದದ್ದು ಅದಕ್ಕೇ.

ಕಾರಣ ತಾಪಮಾನ. 100 ಕಿಲೋಮೀಟರ್ ಫೈಬರ್ ಒಂದು ಡಿಗ್ರಿ ಬಿಸಿಯಾದರೆ ಬೆಳಕು ತಲುಪುವ ಸಮಯ ಕೆಲವು ನ್ಯಾನೋಸೆಕೆಂಡ್ ಜರುಗುತ್ತದೆ. ಬೆಳಿಗ್ಗೆ ಏಸಿ ಹಾಕಿದಾಗ ಗೇಟನ್ನು ಪಲ್ಸ್‌ಗೆ ಹೊಂದಿಸುವ ನಮ್ಮ ಟ್ರ್ಯಾಕಿಂಗ್ ಸ್ವಲ್ಪ ಹಿಂದೆ ಬೀಳುತ್ತಿತ್ತು, ಪಲ್ಸ್ ಗೇಟಿನ ಅಂಚಿಗೆ ಬರುತ್ತಿತ್ತು. ಬಾಬ್ ಬಳಿ ಎರಡು ಡಿಟೆಕ್ಟರ್, ಒಂದು ಕ್ಲಿಕ್ ಆದರೆ ಬಿಟ್ ಸೊನ್ನೆ, ಇನ್ನೊಂದು ಆದರೆ ಒಂದು. ಆದರೆ ಅಂಚಿನಲ್ಲಿ ಎರಡೂ ಡಿಟೆಕ್ಟರ್ ಒಂದೇ ರೀತಿ ಸೋಲಬೇಕಿತ್ತಲ್ಲ? ಪ್ಯಾನೆಲ್ ಬಿಚ್ಚಿ, ಗೇಟ್ ತೆರೆಯುವ ಸಂಕೇತ ಒಯ್ಯುವ ಟ್ರಿಗರ್ ಕೇಬಲ್‌ಗಳನ್ನು ಪಕ್ಕಪಕ್ಕ ಹಿಡಿದೆ. ಒಂದು ಇನ್ನೊಂದಕ್ಕಿಂತ ಅಂಗೈಯಷ್ಟು ಉದ್ದ, 10 ಸೆಂಟಿಮೀಟರ್. ಆ ಕೇಬಲ್‌ನಲ್ಲಿ ಅದು ಅರ್ಧ ನ್ಯಾನೋಸೆಕೆಂಡ್. ಗೇಟ್ ಅಗಲವಿದ್ದಾಗ ಲೆಕ್ಕಕ್ಕೇ ಬಾರದ ವ್ಯತ್ಯಾಸ, ಈಗ ಗೇಟಿನ ಅರ್ಧದಷ್ಟು.

ನಮ್ಮಲ್ಲಿ ಏಸಿ ಮಾಡಿದ್ದನ್ನು ಈವ್ ಬೇಕೆಂದೇ ಮಾಡಬಹುದು. ಪಲ್ಸ್ ಅನ್ನು ಸ್ವಲ್ಪ ಮುಂದೆ ಅಥವಾ ಹಿಂದೆ ತಳ್ಳಿದರೆ ಸಾಕು, ಯಾವ ಡಿಟೆಕ್ಟರ್ ಕ್ಲಿಕ್ ಆಗಿರಬಹುದೆಂದು ಊಹಿಸಬಹುದು. ಅವಳು ಅಳೆಯುವುದೇ ಇಲ್ಲ, ಹಾಗಾಗಿ ದೋಷವೂ ಏರುವುದಿಲ್ಲ. ಇದೇ ಟೈಮ್ ಶಿಫ್ಟ್ ದಾಳಿ. ನಾನು ಓದಿದ್ದೆ, ಆದರೆ ನನ್ನ ಮೇಜಿನ ಮೇಲೇ ಅದಕ್ಕೆ ದಾರಿ ಮಾಡಿಟ್ಟಿದ್ದೇನೆ ಅಂತ ಹೊಳೆದಿರಲಿಲ್ಲ.

ಕೇಬಲ್ ಸಮ ಮಾಡಿದೆ. ಎರಡೂ ಡಿಟೆಕ್ಟರ್‌ಗಳ ದಕ್ಷತೆಯನ್ನು 50 ಪಿಕೋಸೆಕೆಂಡ್ ಹೆಜ್ಜೆಯಲ್ಲಿ ಅಳೆದು ಒಂದರ ಮೇಲೊಂದು ಗ್ರಾಫ್ ಬಿಡಿಸಿದೆ. ಶಿಖರಗಳು ಕೂಡಿದವು, ಅಂಚುಗಳು ಪೂರ್ತಿ ಕೂಡಲಿಲ್ಲ. ಎರಡು ಡಿಟೆಕ್ಟರ್ ಅವಳಿಯಂತೆ ಇರುವುದಿಲ್ಲ. ಆದ್ದರಿಂದ ಬಾಬ್ ಪ್ರತಿ ಪಲ್ಸ್‌ಗೆ ಯಾವ ಡಿಟೆಕ್ಟರ್ ಸೊನ್ನೆ, ಯಾವುದು ಒಂದು ಅನ್ನುವುದನ್ನು ಯಾದೃಚ್ಛಿಕವಾಗಿ ಅದಲು ಬದಲು ಮಾಡುವಂತೆ, ಒಳಬಂದ ಬೆಳಕಿನ ಸ್ಥಿತಿ ಬದಲಿಸುವ ಮಾಡ್ಯುಲೇಟರ್ ನಡೆಸಿದೆ. ಈಗ ಕ್ಲಿಕ್ ಆದ ಡಿಟೆಕ್ಟರ್ ಯಾವುದೆಂದು ತಿಳಿದರೂ ಬಿಟ್ ತಿಳಿಯುವುದಿಲ್ಲ. ಈವ್ ಹೊರಗಿನಿಂದ ಬೆಳಕು ಹಾಯಿಸಿ ಆ ಮಾಡ್ಯುಲೇಟರನ್ನೇ ಓದದಂತೆ ಬಾಬ್ ಬಾಗಿಲಿಗೆ, ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಮತ್ತು ಫಿಲ್ಟರ್ ಹಾಕಿದೆ. ಇದರಿಂದ ಒಳಬರುವ ಬೆಳಕೂ ಸ್ವಲ್ಪ ಕಡಿಮೆಯಾಯಿತು, ಕೀ ವೇಗ ಇಳಿಯಿತು.

ಡಿಟೆಕ್ಟರನ್ನು ನಂಬಲೇಬೇಕಿಲ್ಲದ ಎಂಡಿಐ ವಿಧಾನ 2012ರಿಂದಲೇ ಇದೆ. ಅದಕ್ಕೆ ಎರಡು ಬೇರೆ ಲೇಸರ್‌ಗಳ ಪಲ್ಸ್‌ಗಳು ನಡುವೆ ಹೊಂದಿಕೊಂಡು ಕೂಡಬೇಕು, ನಮ್ಮ ಸಲಕರಣೆಯಲ್ಲಿ ಆಗ ಅದು ಸಾಧ್ಯವಿರಲಿಲ್ಲ.

ವರದಿ ಬರೆಯುವಾಗ ಆ ಖುಷಿಯ ವಾರದ ಅಂಕಿಯನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಇಳಿದ ಅಂಕಿ ಬರೆದು, ಪಕ್ಕದಲ್ಲಿ ಎರಡೂ ಡಿಟೆಕ್ಟರ್‌ಗಳ ಗ್ರಾಫ್ ಅಂಟಿಸಿದೆ.