ಬೇಸಿಗೆ ನಿಂಬೆ ಬೇಕೆಂದರೆ ಸೆಪ್ಟೆಂಬರ್‌ನಲ್ಲೇ ನೀರು ನಿಲ್ಲಿಸಿ

ಇಂಡಿ ಭಾಗದ ನಿಂಬೆ ಬೆಳೆಗಾರರೇ, ಮಳೆಗಾಲದ ಕಾಯಿಗೆ ದರವಿಲ್ಲದೆ ಕೈ ಸುಟ್ಟುಕೊಳ್ಳುವುದಕ್ಕಿಂತ ಏಪ್ರಿಲ್–ಮೇ ಫಸಲಿಗೆ, ಅಂದರೆ ಹಸ್ತ ಬಹಾರಿಗೆ (ಹಸ್ತ ಮಳೆಯ ಹೊತ್ತಿಗೆ ಹೂ ಬಿಡುವ ಹಂಗಾಮಿಗೆ), ಈಗಲೇ ಸಿದ್ಧರಾಗಿ. ಸೆಪ್ಟೆಂಬರ್‌ನಲ್ಲಿ ಡ್ರಿಪ್ ಬಂದ್ ಮಾಡಿ; ಗಿಡ ಬಾಡಿ ಮತ್ತೆ ನೀರುಂಡರೇ ಮೊಗ್ಗು ಒಡೆಯುವುದು. ದಿನ ಎಣಿಸುತ್ತ ಕೂರಬೇಡಿ, ಎಲೆ ನೋಡಿ: ಮಧ್ಯಾಹ್ನ ಬಾಡಿದ್ದು ಮರುದಿನ ಬೆಳಿಗ್ಗೆಯೂ ಚೇತರಿಸಿಕೊಳ್ಳದೆ, ಕಾಲು ಭಾಗ ಉದುರಿದರೆ ಸಾಕು. ಮಸಾರಿ (ಕೆಂಪು) ನೆಲದಲ್ಲಿ ಇದು ಬೇಗ, ಎರೆಯಲ್ಲಿ (ಕಪ್ಪು ನೆಲದಲ್ಲಿ) ನಿಧಾನ. ಹಸ್ತ ಮಳೆ ಸುರಿದರೆ ಈ ಲೆಕ್ಕವೆಲ್ಲ ನೀರುಪಾಲು! ಅದಕ್ಕೇ ನಾನು ಸೆಪ್ಟೆಂಬರ್‌ನಲ್ಲಿ ಲೀಟರ್ ನೀರಿಗೆ ಚಿಗುರು ತಡೆಯುವ ಶೇ 50ರ ಸೈಕೋಸೆಲ್ 2 ಮಿ.ಲೀ., ಅಕ್ಟೋಬರ್‌ನಲ್ಲಿ ಪೊಟ್ಯಾಸಿಯಂ ನೈಟ್ರೇಟ್ 10 ಗ್ರಾಂ ಬೆರೆಸಿ ಸಿಂಪಡಿಸುತ್ತೇನೆ. ಆಮೇಲೆ ತಿಪ್ಪೆಗೊಬ್ಬರ ಕೊಟ್ಟು, ಮೊದಲ ನೀರು ತೆಳುವಾಗಿ ಬಿಡಿ. ಆಸೆಪಟ್ಟು ಹರಿಸಿದರೆ ಮೊಗ್ಗಿನ ಬದಲು ಚಿಗುರೇ ಬಂದೀತು. ಸೊರಗಿದ ಗಿಡಗಳನ್ನು, ಎಳೆಯ ಗಿಡಗಳನ್ನು ಮಾತ್ರ ಹೀಗೆ ಬಾಡಿಸಬೇಡಿ.